ಫಾರ್ವರ್ಡ್ ಒತ್ತುವ ಮುಂಚೆ ಒಂದು ನಿಮಿಷ: ಮುರ್ಕಿ ಘಟನೆ ಕಲಿಸಿದ ಪಾಠ

ಅಂಗಡಿಯಲ್ಲಿ 10 ರೂಪಾಯಿ ನಾಣ್ಯ ಕೊಟ್ಟರೆ ಕೆಲವು ಕಡೆ ಇವತ್ತಿಗೂ ‘ಇದು ನಡೆಯಲ್ಲ, ನೋಟು ಕೊಡಿ’ ಅಂತಾರೆ. ಯಾರು ಹೇಳಿದ್ದು ಅಂತ ಕೇಳಿದ್ರೆ ‘ಎಲ್ಲರೂ ಹೇಳ್ತಾರೆ’ ಅನ್ನೋದೇ ಉತ್ತರ. ಆದರೆ 14 ವಿನ್ಯಾಸದ 10 ರೂಪಾಯಿ ನಾಣ್ಯಗಳೆಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ಈ ಗಾಳಿಸುದ್ದಿಯಿಂದ ಹೋಗುವುದು ಚಿಲ್ಲರೆ ವ್ಯಾಪಾರ. ಇನ್ನು ಕೆಲವು ಗಾಳಿಸುದ್ದಿಗಳಿಂದ ಪ್ರಾಣವೇ ಹೋಗಿದೆ.

ಮುರ್ಕಿಯಲ್ಲಿ ಆಗಿದ್ದೇನು?

2018ರ ಜುಲೈ 13. ಬೀದರ್ ಜಿಲ್ಲೆಗೆ ಕಾರಿನಲ್ಲಿ ಬಂದಿದ್ದ ಹೈದರಾಬಾದ್ ಕಡೆಯ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು’ ಎಂಬ ಅನುಮಾನ ಎದ್ದಿತು. ಅವರ ವಿಡಿಯೋ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಗುಂಪು ಮಾಡಿದ ಹಲ್ಲೆಯಲ್ಲಿ ಒಬ್ಬ ಯುವ ಎಂಜಿನಿಯರ್ ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಗ್ರೂಪ್ ಅಡ್ಮಿನ್ ಸೇರಿ ಹಲವರು ಬಂಧನಕ್ಕೊಳಗಾದರು.

ಆ ದಿನಗಳಲ್ಲಿ ಬೈಕ್‌ನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ದೇಶದ ತುಂಬಾ ಓಡಾಡುತ್ತಿತ್ತು. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ್ದ ಜಾಗೃತಿ ಜಾಹೀರಾತು. ಕೊನೆಗೆ ಮಗುವನ್ನು ವಾಪಸ್ ಬಿಡುವ ಭಾಗವನ್ನು ಯಾರೋ ಕತ್ತರಿಸಿ ಹರಿಬಿಟ್ಟಿದ್ದರು.

ಮೆಸೇಜ್ ಬಂದಾಗ ಏನು ಮಾಡಬೇಕು?

* ಯಾವ ಊರು, ಯಾವ ದಿನ, ಯಾವ ಠಾಣೆ ಅಂತ ಇದೆಯಾ ನೋಡಿ. ‘ನಮ್ಮ ಏರಿಯಾದಲ್ಲಿ, ನಿನ್ನೆ’ ಅಂತ ಮಾತ್ರ ಇದ್ದರೆ ಅನುಮಾನಪಡಿ.
* ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದ ಮೆಸೇಜ್. ಕಳಿಸಿದವರು ಪರಿಚಯದವರೇ ಇರಬಹುದು, ಬರೆದವರು ಯಾರೋ ಗೊತ್ತಿರಲ್ಲ.
* ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯದೋ, ಬೇರೆ ದೇಶದ್ದೋ ಎಂಬುದು ಬಹಳ ಸಲ ಗೊತ್ತಾಗುತ್ತದೆ.
* ಒಂದು ಜಾತಿ, ಧರ್ಮ ಅಥವಾ ಹೊರಗಿನಿಂದ ಬಂದವರ ಮೇಲೆ ಸಿಟ್ಟು ಬರಿಸುವ ಮೆಸೇಜ್ ಆದರೆ ಇನ್ನೂ ನಿಧಾನಿಸಿ. ಆ ಸಿಟ್ಟಿಗೆ ಸಿಗುವುದು ನಮ್ಮ ಬೀದಿಯ ಬಟ್ಟೆ ವ್ಯಾಪಾರಿ, ಕಟ್ಟಡ ಕೆಲಸಕ್ಕೆ ಬಂದ ಹುಡುಗ.
* ನಿಜವಾಗಲೂ ಅನುಮಾನ ಇದ್ದರೆ ಗ್ರೂಪಿಗೆ ಹಾಕಬೇಡಿ. 112ಕ್ಕೆ ಕರೆ ಮಾಡಿ. ಮಕ್ಕಳ ವಿಷಯಕ್ಕೆ 1098 ಇದೆ.

ತಪ್ಪು ಸುದ್ದಿ ಈಗಾಗಲೇ ಕಳಿಸಿಬಿಟ್ಟಿದ್ದೀರಾ? ಡಿಲೀಟ್ ಮಾಡಿ ಸುಮ್ಮನಾಗಬೇಡಿ. ‘ಅದು ಸುಳ್ಳಂತೆ’ ಎಂದು ಅದೇ ಗ್ರೂಪಿನಲ್ಲಿ ಬರೆಯಿರಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ. ಊರಿನ ನೆಮ್ಮದಿ ಉಳಿದರೆ ಸಂತೆಯೂ ನಡೆಯುತ್ತೆ, ಅಂಗಡಿಯೂ ತೆರೆದಿರುತ್ತೆ.