ಸಗಣಿಗೆ ಗ್ರೀಕ್ ನಂಟು!

ಸಿಂಗಪುರದ ಕನ್ನಡ ಬಂಧುಗಳೇ, ಶೀರ್ಷಿಕೆ ಓದಿ ಮೂಗು ಮುಚ್ಚಿಕೊಳ್ಳಬೇಡಿ! ಎತ್ತರದ ಫ್ಲಾಟುಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಸಗಣಿ ಎಂದರೆ ಬರೀ 'ಛೀ'. ಆದರೆ ಈ ಪದದ ಹಿಂದೆ ಸಾವಿರಾರು ವರ್ಷಗಳ ಕಥೆಯಿದೆ. ಬನ್ನಿ, ಸ್ವಲ್ಪ ಕೆದಕೋಣ.

ಪ್ರಾಚೀನ ಗ್ರೀಕರು ಸಗಣಿಗೆ 'ಕೊಪ್ರೊಸ್' ಎನ್ನುತ್ತಿದ್ದರು. ವೇದಕಾಲದ ಸಂಸ್ಕೃತದಲ್ಲಿ ಅದೇ ಅರ್ಥಕ್ಕೆ 'ಶಕೃತ್' ಎಂಬ ಪದವಿದೆ. ಕೇಳಲು ದೂರದೂರ, ಆದರೆ ಭಾಷಾವಿಜ್ಞಾನಿಗಳ ಪ್ರಕಾರ ಇವೆರಡೂ ಒಂದೇ ಬೇರಿನ ಚಿಗುರುಗಳು. ಸಂಸ್ಕೃತದ 'ಶ' ಇರುವಲ್ಲಿ ಗ್ರೀಕಿನಲ್ಲಿ 'ಕ' ಬರುವುದುಂಟು: ನಮ್ಮ 'ದಶ', ಅವರ 'ಡೆಕ'. ಹಾಗೆಯೇ ಸಂಸ್ಕೃತದ 'ಕ' ಇರುವಲ್ಲಿ ಕೆಲವೊಮ್ಮೆ 'ಪ' ಬರುತ್ತದೆ: 'ಇಬ್ಬರಲ್ಲಿ ಯಾರು' ಎನ್ನಲು ಸಂಸ್ಕೃತದಲ್ಲಿ 'ಕತರ', ಗ್ರೀಕಿನಲ್ಲಿ 'ಪೊಟೆರೊಸ್'. ಈ ಎರಡು ಲೆಕ್ಕ ಸೇರಿಸಿದರೆ ಶಕೃತ್ ಮತ್ತು ಕೊಪ್ರೊಸ್ ದಾಯಾದಿಗಳೆಂದು ತಿಳಿಯುತ್ತದೆ.

ಗ್ರೀಕರಿಗೂ ಅದು ಬರೀ ಹೊಲಸಲ್ಲ. ಹೋಮರನ 'ಒಡಿಸ್ಸಿ'ಯಲ್ಲಿ ಇಪ್ಪತ್ತು ವರ್ಷಗಳ ಮೇಲೆ ಮನೆಗೆ ಮರಳಿದ ಒಡಿಸ್ಯೂಸನನ್ನು ಗುರುತಿಸುವ ಮುದಿ ನಾಯಿ ಆರ್ಗೋಸ್ ಮಲಗಿರುವುದು ಬಾಗಿಲ ಬಳಿಯ ತಿಪ್ಪೆಯ ಮೇಲೆ. ಆ ತಿಪ್ಪೆ ಹೊಲಕ್ಕೆ ಸಾಗಲು ಕಾದಿದ್ದ ಗೊಬ್ಬರ! ಮುಂದೆ ಪದದ ಹಣೆಬರಹ ಬದಲಾಯಿತು. ಎಂಟನೆಯ ಶತಮಾನದ ಬೈಜಾಂಟಿಯಂ ಚಕ್ರವರ್ತಿ ಐದನೆಯ ಕಾನ್‌ಸ್ಟಂಟೈನನನ್ನು ವಿರೋಧಿಗಳು 'ಕೊಪ್ರೊನಿಮೋಸ್', ಅಂದರೆ ಸಗಣಿ ಹೆಸರಿನವನು, ಎಂದು ಹಂಗಿಸಿದರು. 1829ರಲ್ಲಿ ಇಂಗ್ಲೆಂಡಿನ ವಿಲಿಯಂ ಬಕ್‌ಲ್ಯಾಂಡ್ ಪ್ರಾಚೀನ ಪ್ರಾಣಿಗಳ ಕಲ್ಲಾದ ಮಲಕ್ಕೆ 'ಕಾಪ್ರೊಲೈಟ್' ಎಂದು ಹೆಸರಿಟ್ಟರು. ಹೀಗೆ ಪದ ಪ್ರಯೋಗಾಲಯ ಸೇರಿತು.

ಇನ್ನು ನಮ್ಮ 'ಸಗಣಿ'. ಸಂಸ್ಕೃತ ಕೋಶಗಳಲ್ಲಿ 'ಛಗಣ' ಎಂದರೆ ಒಣಗಿದ ಸಗಣಿ. ಸಗಣಿ, ಮರಾಠಿಯ 'ಶೇಣ', ಗುಜರಾತಿಯ 'ಛಾಣ' ಎಲ್ಲ ಇದರ ಬಳಗವೇ. ಉತ್ತರ ಕರ್ನಾಟಕದವರ 'ಹೆಂಡಿ' ಮಾತ್ರ ಅಚ್ಚ ದ್ರಾವಿಡ, ತೆಲುಗಿನ 'ಪೇಡ'ದ ಒಡಹುಟ್ಟು. ತುಳುವರಿಗೆ ಅದು 'ಅಂಬಿ'. ಕನ್ನಡದ ಜಾಣತನ ನೋಡಿ: ಹಸು ಹಾಕಿದರೆ ಸಗಣಿ, ಕುದುರೆ ಆನೆಗಳದು ಲದ್ದಿ, ಆಡು ಕುರಿಗಳದು ಹಿಕ್ಕೆ, ತಟ್ಟಿ ಒಣಗಿಸಿದರೆ ಬೆರಣಿ, ಕೊಳೆತು ಹೊಲ ಸೇರಿದರೆ ಗೊಬ್ಬರ, ಪೂಜೆಗೆ ಬಂದರೆ ಗೋಮಯ! ಗರಿಕೆ ಸಿಕ್ಕಿಸಿದ ಸಗಣಿ ಉಂಡೆಯೇ ನಮ್ಮ ಬೆನಕ. ತಮಿಳುನಾಡಿನ ತಾಳವಾಡಿ ಬಳಿಯ ಕನ್ನಡಿಗರ ಊರು ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೇ 'ಗೊರೆ ಹಬ್ಬ' ನಡೆಯುತ್ತದೆ. ಅಂದು ಊರಿನ ಗಂಡಸರೆಲ್ಲ ಸಗಣಿ ಉಂಡೆ ಎರಚಾಡಿ ನಲಿಯುತ್ತಾರೆ.

ಸಿಂಗಪುರದಲ್ಲಿ ಸಗಣಿ ಎಲ್ಲಿ ಬಂತು ಅಂತೀರಾ? ಲಿಟಲ್ ಇಂಡಿಯಾದ ಬಫಲೋ ರೋಡ್, ಕೆರ್ಬಾವ್ ರೋಡ್ ಹೆಸರುಗಳನ್ನು ಗಮನಿಸಿ. ಮಲಯ ಭಾಷೆಯಲ್ಲಿ 'ಕೆರ್ಬಾವ್' ಎಂದರೆ ಎಮ್ಮೆ, ಕೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿರಂಗೂನ್ ಸುತ್ತಮುತ್ತ ದನದ ವ್ಯಾಪಾರ ಜೋರಾಗಿತ್ತು. ನಮ್ಮಲ್ಲಿ ಎಷ್ಟೋ ಮಕ್ಕಳು ಹುಟ್ಟಿದ ಕೆಕೆ ಆಸ್ಪತ್ರೆಯ ಹಳೆಯ ಹೆಸರು ಕಂಡಾಂಗ್ ಕೆರ್ಬಾವ್, ಅಂದರೆ ಎಮ್ಮೆಗಳ ದೊಡ್ಡಿ! ದೊಡ್ಡಿ ಹೋಯಿತು, ಹೆಸರು ಉಳಿಯಿತು.

ನಮ್ಮ ಮನೆಗಳಲ್ಲಿ ಹಾಗಾಗದಿರಲಿ. ದನವಿಲ್ಲದ ಊರಿನಲ್ಲಿ ಬೆರಣಿ, ಹಿಕ್ಕೆ, ಲದ್ದಿಗಳು ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಕೇಳದ ಪದ ಒಂದು ತಲೆಮಾರಿನಲ್ಲೇ ಮಾಯ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಕ್ಕಳ ಕೈಗೆ ಫೋನ್ ಕೊಟ್ಟು, 'ಅಜ್ಜಿ, ನಿಮ್ಮ ಕಡೆ ಸಗಣಿಗೆ ಏನಂತಾರೆ?' ಎಂದು ಕೇಳಿಸಿ. ಉತ್ತರದ ಜೊತೆಗೆ ಒಂದು ಕೊಟ್ಟಿಗೆಯ ಕಥೆಯೂ ಬಂದೀತು!