ತಡ್ಕಂಡು ನುಂಗಿದ ಮಾತ್ರೆ

ಕೆಂಕೆರೆಯಲ್ಲಿ ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಸುಲಿಸುವ ದಿನ ನಮ್ಮ ದೊಡ್ಡಮ್ಮನಿಗೆ ಅರೆತಲೆನೋವು ಬಂದೇ ಬರುತ್ತಿತ್ತು. ಬಿಸಿಲು, ಮಟ್ಟೆಯ ದೂಳು, ಆಳುಗಳಿಗೆ ಬಡಿಸುವ ಗಡಿಬಿಡಿಯಲ್ಲಿ ತಾನು ಮಾತ್ರ ಖಾಲಿ ಹೊಟ್ಟೆ. ಒಂಬತ್ತು ಗಂಟೆಗೆ ಎಡಗಣ್ಣಿನ ಮೇಲೆ ಮಿಡಿಯತೊಡಗಿದರೆ ಹಣೆಗೆ ಬಟ್ಟೆ ಬಿಗಿದುಕೊಂಡು, 'ಇನ್ನೊಂದ್ ಗಳ್ಗೆ ತಡ್ಕಂತೀನಿ ಕಣಪ್ಪ, ಮಾತ್ರೆ ಉಷ್ಣ' ಎನ್ನುತ್ತಿದ್ದಳು. ಸಕ್ಕರೆ ಡಬ್ಬಿಯಲ್ಲಿಟ್ಟ ಮಾತ್ರೆ ಹೊರಬರುತ್ತಿದ್ದುದು ಮಧ್ಯಾಹ್ನ, ವಾಂತಿ ಶುರುವಾದ ಮೇಲೆ. ನುಂಗಿದ್ದು ಸ್ವಲ್ಪ ಹೊತ್ತಿಗೆ ಹಾಗೇ ಆಚೆ ಬರುತ್ತಿತ್ತು. 'ನನಗೆ ಮಾತ್ರೆ ಹಿಡಿಯಲ್ಲ' ಎಂದು ತೀರ್ಮಾನವಾಗುತ್ತಿತ್ತು.

ಮಾತ್ರೆಯ ಹೊತ್ತು ಮೀರಿತ್ತು, ಅಷ್ಟೆ. ಮೈಗ್ರೇನ್, ಅಂದರೆ ಈ ಅರೆತಲೆನೋವು, ಬಂದಾಗ ಜಠರದ ಚಲನೆಯೇ ಮಂದವಾಗುತ್ತದೆ. ನುಂಗಿದ ಮಾತ್ರೆ ಕರುಳಿಗೆ ಇಳಿಯದೆ ಕೂರುತ್ತದೆ, ರಕ್ತಕ್ಕೆ ಸೇರುವುದು ತಡವಾಗುತ್ತದೆ. ನೋವು ಸಣ್ಣದಿರುವಾಗಲೇ ತೆಗೆದುಕೊಂಡರೆ ಅದೇ ಮಾತ್ರೆ ಹೆಚ್ಚು ಕೆಲಸ ಮಾಡುತ್ತದೆ. ಪಿತ್ತ ಏರಿದ್ದರಿಂದ ತಲೆನೋವು ಬಂತು ಎನ್ನುತ್ತೇವಲ್ಲ, ಅದಕ್ಕೂ ಕಾರಣವುಂಟು: ವಾಂತಿಯಾದ ಮೇಲೆ ಕೆಲವರಿಗೆ ನೋವು ನಿಜವಾಗಿ ಇಳಿಯುತ್ತದೆ. ಆದರೆ ಕಾಯಿಲೆ ಹುಟ್ಟುವುದು ಮೆದುಳು, ನರಗಳಲ್ಲಿ. ಓಕರಿಕೆ ಅದರದೇ ಒಂದು ಭಾಗ. ಅದನ್ನು ತಡೆಯುವ ಮಾತ್ರೆಯನ್ನೂ ಡಾಕ್ಟರು ಜೊತೆಗೆ ಬರೆದುಕೊಡಬಲ್ಲರು.

ಮೈಗ್ರೇನ್ 'ಓದಿದೋರ ಕಾಯಿಲೆ' ಎಂಬ ಮಾತೂ ಇದೆ. ಅದು ಸರಿಯಲ್ಲ. 2009–10ರಲ್ಲಿ ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದಾಗ, ವಯಸ್ಕರಲ್ಲಿ ಸುಮಾರು ಕಾಲು ಭಾಗ ಜನರಿಗೆ ಆ ವರ್ಷ ಮೈಗ್ರೇನ್ ಬಂದಿತ್ತು.

ತಲೆನೋವಿನ ಮಾತ್ರೆಗಳೆಲ್ಲ ಒಂದೇ ಅಲ್ಲ. ಹಲವರಿಗೆ ಐಬುಪ್ರೊಫೇನ್ ಅಥವಾ ನ್ಯಾಪ್ರಾಕ್ಸೆನ್ ಸಾಕು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಅವು ಆಗದು. ಈ ಮಾತ್ರೆಗಳಿಗೆ ಬಗ್ಗದ ನೋವಿಗೆ ಟ್ರಿಪ್ಟಾನ್‌ಗಳಿವೆ. ಇವುಗಳಲ್ಲಿ ಮೊದಲನೆಯದಾದ ಸುಮಾಟ್ರಿಪ್ಟಾನ್ ಬಂದದ್ದು 1991ರಲ್ಲಿ. 137 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2024ರ ವಿಶ್ಲೇಷಣೆಯಲ್ಲಿ ಎಲೆಟ್ರಿಪ್ಟಾನ್, ರಿಜಾಟ್ರಿಪ್ಟಾನ್, ಸುಮಾಟ್ರಿಪ್ಟಾನ್, ಜೋಲ್ಮಿಟ್ರಿಪ್ಟಾನ್‌ಗಳು ಹೊಸ ದುಬಾರಿ ಔಷಧಿಗಳಿಗಿಂತ ಮುಂದಿದ್ದವು. ಟ್ರಿಪ್ಟಾನ್ 'ಹಾರ್ಟಿಗೆ ಹೊಡೆಯುತ್ತೆ' ಎಂಬುದು ಅರ್ಧ ಸತ್ಯ. ಇವು ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ಹೃದಯರೋಗ, ಪಾರ್ಶ್ವವಾಯು ಆದವರಿಗೆ, ಹತೋಟಿಗೆ ಬಾರದ ಬಿಪಿಯವರಿಗೆ ಕೊಡುವುದಿಲ್ಲ. ಉಳಿದವರಿಗೆ ಕತ್ತು, ಎದೆ ಕೊಂಚ ಬಿಗಿದಂತಾಗಬಹುದು. ಸಾಮಾನ್ಯವಾಗಿ ಬೇಗ ಹೋಗುತ್ತದೆ. ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಕೇಳುವ ಮಾತ್ರೆಯಲ್ಲ.

ದೊಡ್ಡಮ್ಮನ ಭಯಕ್ಕೆ ತದ್ವಿರುದ್ಧ ನಮ್ಮ ಚಿಕ್ಕಪ್ಪ: ಕಾಫಿಗೊಂದು ಮಾತ್ರೆ. ನನಗೆ ಹೆಚ್ಚು ದಿಗಿಲು ಇಂಥವರದೇ. ತಿಂಗಳಿಗೆ 15 ದಿನ ಸಾದಾ ನೋವಿನ ಮಾತ್ರೆ, ಇಲ್ಲವೇ 10 ದಿನ ಟ್ರಿಪ್ಟಾನ್, ಹೀಗೆ ಮೂರು ತಿಂಗಳು ಮೀರಿದರೆ ಮಾತ್ರೆಯಿಂದಲೇ ತಲೆನೋವು ನಿತ್ಯದ್ದಾಗಬಹುದು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಗೀಟು ಹಾಕಿದರೆ ಗೊತ್ತಾಗುತ್ತದೆ. ಇನ್ನು ಸಿಡಿಲು ಹೊಡೆದಂತೆ ಏಕಾಏಕಿ ಬಂದ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದ ಜೊತೆ ಕತ್ತು ಸೆಟೆಯುವುದು ಇದ್ದರೆ ಮಾತ್ರೆ ಹುಡುಕದೆ ಆಸ್ಪತ್ರೆಗೆ ಹೊರಡಬೇಕು.

ಮಾತ್ರೆಯ ಉಷ್ಣಕ್ಕೆಂದು ಎಳನೀರು ಕೆತ್ತಿಕೊಡುವ ಪದ್ಧತಿಯನ್ನು ನಾನು ಬಿಡಿಸಲು ಹೋಗಲಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೂ ಮೈಗ್ರೇನ್ ಕೆರಳುತ್ತದೆ. ಕಿಡ್ನಿ ತೊಂದರೆಯವರಿಗೆ ಮಾತ್ರ ಎಳನೀರಿನ ಪೊಟ್ಯಾಷಿಯಂ ಅಪಾಯ. ಅವರು ಅದನ್ನೂ ಡಾಕ್ಟರನ್ನು ಕೇಳಿಯೇ ಕುಡಿಯಬೇಕು.