ಬಡ್ಡಿಯಿಲ್ಲದ ಬೆಳೆಸಾಲ ಮತ್ತು ವಾಯಿದೆಯ ಮಹತ್ವ

ಸರ್ಕಾರವು ರೈತರಿಗೆ ಕೊಡುವ ಸಹಾಯಧನಗಳು ಹಲವು ವಿಧವಾಗಿರುವುವು. ಬಿತ್ತನೆಬೀಜಕ್ಕೂ ಉಪಕರಣಗಳಿಗೂ ದೊರೆಯುವ ಸಹಾಯವು ಕಣ್ಣಿಗೆ ಕಾಣುವಂಥದು. ಬೆಳೆಸಾಲದ ಬಡ್ಡಿಗಾಗಿ ದೊರೆಯುವ ಸಹಾಯವಾದರೋ ಕಾಣುವಂಥದಲ್ಲ. ರೈತನು ತೆರಬೇಕಾದ ಬಡ್ಡಿಯನ್ನು ಸರ್ಕಾರವೇ ತೆರುವುದರಿಂದ ಹಣವು ಅವನ ಕೈಗೆ ಬರುವುದಿಲ್ಲ. ಆದಕಾರಣ ಅದರ ಬೆಲೆಯನ್ನರಿಯದೆ ಕಳೆದುಕೊಳ್ಳುವವರೂ ಉಂಟು.

ಬಿತ್ತನೆಯ ಕಾಲಕ್ಕೆ ಸಾಹುಕಾರನ ಬಾಗಿಲಿಗೆ ಹೋಗುವುದೇ ಪೂರ್ವದಲ್ಲಿ ರೈತನ ಗತಿಯಾಗಿತ್ತು. ಇದನ್ನು ತಪ್ಪಿಸಲು ಮೈಸೂರು ಸರ್ಕಾರವು 1894ರಲ್ಲಿ ವ್ಯವಸಾಯ ಬ್ಯಾಂಕುಗಳನ್ನು ಏರ್ಪಡಿಸಿತು. ಅವು ನಿರೀಕ್ಷಿಸಿದಷ್ಟು ಫಲವನ್ನು ಕೊಡಲಿಲ್ಲ. 1905ರಲ್ಲಿ ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು ಜಾರಿಗೆ ಬಂದಿತು. ಅದೇ ವರ್ಷ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ವ್ಯವಸಾಯ ಸಹಕಾರ ಸಂಘವನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನದ ಸಹಕಾರ ಸಂಘಗಳಿಗೆ ಮೂಲಾಧಾರವಾಗಿ 1915ರಲ್ಲಿ ಅಪೆಕ್ಸ್ ಬ್ಯಾಂಕು ಏರ್ಪಟ್ಟಿತು.

ಈಗ ಕರ್ನಾಟಕ ರಾಜ್ಯ ಸಹಕಾರಿ ಅಪೆಕ್ಸ್ ಬ್ಯಾಂಕೆನಿಸಿಕೊಂಡಿರುವ ಆ ಸಂಸ್ಥೆಯ ಕೇಂದ್ರ ಕಚೇರಿಯು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಪಂಪಮಹಾಕವಿ ರಸ್ತೆಯಲ್ಲಿದೆ. ಅದರ ಕೆಳಗೆ 21 ಜಿಲ್ಲಾ ಕೇಂದ್ರ ಬ್ಯಾಂಕುಗಳೂ, ಅವುಗಳ ಕೆಳಗೆ ಗ್ರಾಮಗಳ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೂ ಇವೆ. ಬೆಳೆಸಾಲವು ಈ ಮೂರು ಮೆಟ್ಟಿಲುಗಳನ್ನಿಳಿದು ರೈತನನ್ನು ಸೇರುತ್ತದೆ.

ಕೇಂದ್ರ ಸರ್ಕಾರವು 2006-07ರಿಂದ ಬೆಳೆಸಾಲಕ್ಕೆ ಬಡ್ಡಿ ಸಹಾಯಧನವನ್ನು ಕೊಡುತ್ತ ಬಂದಿದೆ. ಸಹಕಾರ ಸಂಘಗಳ ಸಾಲದಲ್ಲಿ ಉಳಿದ ಬಡ್ಡಿಯನ್ನು ರಾಜ್ಯ ಸರ್ಕಾರವು ಹೊರುತ್ತದೆ. ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷ ರೂಪಾಯಿಗಳಿಂದ 5 ಲಕ್ಷಕ್ಕೆ ಏರಿಸುವುದಾಗಿ 2023-24ರ ಆಯವ್ಯಯದಲ್ಲಿ ಘೋಷಿಸಲಾಯಿತು.

ಆದರೆ ಈ ಅನುಕೂಲವು ವಾಯಿದೆಯೊಳಗೆ ಸಾಲವನ್ನು ತೀರಿಸಿದವನಿಗೆ ಮಾತ್ರ ಸಲ್ಲುವುದು. ಶೇಕಡಾ 7ರ ಬಡ್ಡಿಯೆಂದು ಲೆಕ್ಕ ಹಿಡಿದರೆ, 1 ಲಕ್ಷ ರೂಪಾಯಿಗೆ ವರ್ಷಕ್ಕೆ 7,000 ರೂಪಾಯಿಯಾಯಿತು. ವಾಯಿದೆ ಮೀರಿದರೆ ಈ ಹೊರೆಯು ರೈತನ ಮೇಲೆಯೇ ಬೀಳುವುದು. ಹೊಸ ಸಾಲ ಬರುವುದೆಂಬ ಭರವಸೆಯಿಂದ ಕೆಲವರು ಕೈಸಾಲ ತಂದು ಹಳೆಯ ಬಾಕಿಯನ್ನು ಕಟ್ಟುವರು. ಹೊಸ ಸಾಲವು ತಡವಾದಲ್ಲಿ ಖಾಸಗಿ ಬಡ್ಡಿಯು ಸರ್ಕಾರದ ಸಹಾಯವನ್ನೆಲ್ಲ ನುಂಗಿಬಿಡುವುದು. ಫಸಲು ಮಾರಿದ ಕೂಡಲೇ ಸಾಲದ ಪಾಲನ್ನು ತೆಗೆದಿಡುವುದೇ ಇದಕ್ಕೆ ಉಪಾಯವು.

ಗ್ರಾಮದ ಮುಖಂಡರು ಗಮನಿಸತಕ್ಕ ಅಂಶಗಳು:

1. ಸಾಲಗಾರರಿಗೆಲ್ಲ ಅವರವರ ವಾಯಿದೆಯ ದಿನವನ್ನು ಒಂದು ತಿಂಗಳು ಮೊದಲೇ ತಿಳಿಯಪಡಿಸಬೇಕು. ಓದುಬರಹ ಬಾರದವರಿಗೆ ಬಾಯಿಮಾತಿನಿಂದ ಹೇಳಬೇಕು.

2. ಕಾಲವಾದ ತಂದೆ ತಾತಂದಿರ ಹೆಸರಿನಲ್ಲಿ ಪಹಣಿಯಿದ್ದರೆ, ಉಳುವ ಮಗನಿಗೆ ಸಾಲವೂ ಸಹಾಯವೂ ದೊರೆಯುವುದು ಕಷ್ಟ. ಪೌತಿ ಖಾತೆ ಮಾಡಿಸಿಕೊಳ್ಳುವಂತೆ ಪ್ರೇರೇಪಿಸಬೇಕು.

3. ಕಟ್ಟಿದ ಹಣಕ್ಕೆ ರಸೀತಿಯನ್ನು ತಪ್ಪದೆ ಪಡೆದು ಜೋಪಾನವಾಗಿಡುವಂತೆ ತಿಳಿಸಬೇಕು.

ಗುತ್ತಿಗೆಗೆ ಹೊಲ ಮಾಡುವವರ ಹೆಸರು ಪಹಣಿಯಲ್ಲಿಲ್ಲದ ಕಾರಣ ಈ ಸಹಾಯವು ಸಾಮಾನ್ಯವಾಗಿ ಅವರನ್ನು ಮುಟ್ಟುವುದಿಲ್ಲ. ಭೂಮಾಲಿಕರು ತಮಗೆ ದೊರೆತ ಅನುಕೂಲವನ್ನು ಮನಸ್ಸಿಗೆ ತಂದುಕೊಂಡು ಗುತ್ತಿಗೆಯನ್ನು ಗೊತ್ತುಮಾಡುವುದು ನ್ಯಾಯವಾಗಿರುವುದು. ಸಾಲವು ಸಕಾಲದಲ್ಲಿ ತೀರಿದರೆ ಸಂಘವೂ ಉಳಿಯುವುದು, ಮುಂದಿನ ಮುಂಗಾರಿಗೆ ಬೀಜವೂ ಗೊಬ್ಬರವೂ ಒದಗುವುವು.